ದೊಡ್ಡಗಂಗಮ್ಮ ಸತ್ತದ್ದಕ್ಕೆ ಸಾಕ್ಷಿ

ಜೂನ್ 9, 2025, ಸೋಮವಾರ

ಮಾರ್ಚ್ 18ನೇ ತಾರೀಕು ಸರ್ಕಾರ ನಮ್ಮಮ್ಮನನ್ನು ಸಾಯಿಸಿದೆ. ನನಗೆ ತಿಳಿದದ್ದು ಇವತ್ತು.

ಬೆಳಿಗ್ಗೆ ಎಂದಿನಂತೆ ಸ್ನಾನ ಮಾಡಿಸಿ, ತಲೆ ಬಾಚಿ, ರಾಗಿ ಗಂಜಿ ಕುಡಿಸಿದೆ. ಲೋಟ ತೊಳೆದಿಡುವಷ್ಟರಲ್ಲಿ ಮತ್ತೆ ಹಸಿವು ಅಂದಳು. ಮತ್ತೆ ಕುಡಿಸಿದೆ. ಪಕ್ಕದ ಮನೆಯ ಕರೀಮುನ್ನೀಸಾಳನ್ನು ಕೂರಿಸಿ ತಾಲ್ಲೂಕು ಕಚೇರಿಗೆ ಹೋದೆ. ಮೂರು ತಿಂಗಳಿಂದ ಸಂಧ್ಯಾ ಸುರಕ್ಷಾ ಪಿಂಚಣಿ ಇಲ್ಲ. ಅಮ್ಮನ ಮಾತ್ರೆ ಬರುತ್ತಿದ್ದುದೇ ಅದರಲ್ಲಿ.

ಕೌಂಟರಿನವನು ಕಂಪ್ಯೂಟರ್ ನೋಡಿದ. "ಡೆತ್ ಅಂತ ಇದೆ ಮೇಡಂ."

"ಈಗ ತಾನೆ ಗಂಜಿ ಕುಡಿಸಿ ಬಂದಿದೀನಿ ಕಣಪ್ಪ."

"ನೀವು ಕುಡಿಸಿರ್ಬೋದು. ಸಿಸ್ಟಮ್ಮಲ್ಲಿ ಇಲ್ವಲ್ಲ."

ಇಪ್ಪತ್ತಾರು ವರ್ಷ ಪಂಚಾಯ್ತಿ ಲೈಬ್ರರಿ ನೋಡಿಕೊಂಡವಳು ನಾನು. ಒಂದು ಪುಸ್ತಕವನ್ನು ಕೂಡ ಮೂರು ಸಲ ಹುಡುಕದೆ 'ಇಲ್ಲ' ಅಂತ ಬರೆದವಳಲ್ಲ.

ಜೂನ್ 10, ಮಂಗಳವಾರ

ಕರೀಮುನ್ನೀಸಾಗೆ ನೆನಪಿದೆ. ಮಾರ್ಚ್‌ನಲ್ಲಿ ಅವತ್ತು ನಾನು ಮಾತ್ರೆ ತರಲು ಕೋಲಾರಕ್ಕೆ ಹೋಗಿದ್ದೆ. ಅಮ್ಮನ ಜತೆ ಇದ್ದವಳು ಅವಳೇ. ಪಿಂಚಣಿಯವರು ಬದುಕಿದ್ದಾರಾ ಅಂತ ನೋಡಲು ಬಂದದ್ದು ಹೊಸ ಗ್ರಾಮ ಆಡಳಿತಾಧಿಕಾರಿ ಚೈತನ್ಯ.

"ಗಾಡಿಯಿಂದ ಇಳೀಲೂ ಇಲ್ಲ ಸುನಂದಕ್ಕಾ. ಫೋನ್ ಹಿಡ್ಕೊಂಡು, ಅಜ್ಜೀ, ದೊಡ್ಡಗಂಗಮ್ಮ ಎಲ್ಲಿ ಅಂದ್ರು. ಜಗಲಿ ಮೇಲೆ ಕೂತಿದ್ದ ಅಮ್ಮ, 'ಆಯಮ್ಮ ಎಪ್ಪುಡೋ ಸಚ್ಚಿಪಾಯ ಕದಾ' ಅಂದ್ರು. ಒಲೆ ಮೇಲೆ ಹಾಲಿತ್ತು. ನಾನು ಬರೋಷ್ಟ್ರಲ್ಲಿ ಗಾಡಿ ಹೋಯ್ತು. ಗೊತ್ತಿದ್ರೆ ಅಲ್ಲಾ ಕಸಮ್, ಕೀ ಕಿತ್ಕೊಂಡ್ಬಿಡ್ತಿದ್ದೆ."

ಅವಳು ಯಾವತ್ತೋ ಸತ್ತುಹೋದಳಲ್ಲ, ಅಂತ ತೆಲುಗಿನಲ್ಲಿ. ಅಮ್ಮ ಸುಳ್ಳು ಹೇಳಿಲ್ಲ. ಅಮ್ಮನ ಅಜ್ಜಿಯೂ ದೊಡ್ಡಗಂಗಮ್ಮ. ಆ ಹೆಸರನ್ನೇ ಮೊಮ್ಮಗಳಿಗೆ ಇಟ್ಟರು. ಆದರೆ ಅತ್ತೆಯ ಹೆಸರನ್ನು ಸೊಸೆ, ಅಂದರೆ ಅಮ್ಮನ ಅವ್ವ, ಬಾಯಲ್ಲಿ ಆಡುವಂತಿಲ್ಲ. ಹಾಗಾಗಿ ಬೈರಕೂರಿನ ಆ ತವರುಮನೆಯಲ್ಲಿ ಮಗುವನ್ನು ಎಲ್ಲರೂ ಕರೆದದ್ದು ಪಾಪಮ್ಮ ಅಂತ. ಇಟ್ಟ ಹೆಸರು ಕಾಗದದಲ್ಲಿ ಮಾತ್ರ; ಮಗು ಬಾಯಿಬಿಟ್ಟು ಹೇಳಿದರೆ ಅವ್ವನ ಏಟು. ಈಗ ಮರೆವು ಅವಳನ್ನು ಆ ಮನೆಗೇ ವಾಪಸ್ ಕರೆದುಕೊಂಡು ಹೋಗಿದೆ. ಮದುವೆ ಮರೆತಳು, ಕನ್ನಡ ಹೆಚ್ಚುಕಡಿಮೆ ಮರೆತಳು, ನನ್ನನ್ನೂ ಮರೆತಳು. ಉಳಿದದ್ದು ತೆಲುಗು, ಅವ್ವ, ಸತ್ತ ಅಜ್ಜಿ.

ಎಂಬತ್ತೊಂದರಲ್ಲಿ ಜನಗಣತಿಗೆ ಬಂದ ಮೇಷ್ಟ್ರಿಗೂ 'ಪಾಪಮ್ಮ' ಅಂದಿದ್ದಳು. ಆಗ ಬುದ್ಧಿ ನೆಟ್ಟಗೇ ಇತ್ತು. "ಅದು ಕರೆಯೋ ಹೆಸರಮ್ಮ, ಇಟ್ಟ ಹೆಸರು ಹೇಳು" ಅಂದರು ಮೇಷ್ಟ್ರು. ಇವಳು ನಕ್ಕು ಒಳಗೆ ಹೋದಳು. ಅವರು ಮಜ್ಜಿಗೆ ಕುಡಿದು, ಪಕ್ಕದ ಮನೆಗೆ ನಡೆದು, ಕೇಳಿ ಬರೆದುಕೊಂಡರು. ಹತ್ತು ಹೆಜ್ಜೆ. ಅಷ್ಟೇ ಬೇಕಾಗಿದ್ದದ್ದು.

ಜೂನ್ 12, ಗುರುವಾರ

ಚೈತನ್ಯ ಸಿಕ್ಕ. ಇಪ್ಪತ್ತೈದು ದಾಟಿರಲಾರದು.

"ನಾನೇನ್ ಮಾಡ್ಲಿ ಮೇಡಂ? ದಿನಕ್ಕೆ ಇಷ್ಟು ಮನೆ ಮುಗಿಸ್ಬೇಕು ಅಂತಾರೆ. ಆ ಅಜ್ಜೀನೇ ಹೇಳಿದ್ದು."

"ಸತ್ತೋಳನ್ನೇ ಕೇಳಿ ಸತ್ಲು ಅಂತ ಬರ್ಕೊಂಡ್ರಾ?"

ಫೋನಿನಲ್ಲಿ ತಾರೀಕು ನೋಡಿದ. ತಪ್ಪಾಯಿತು ಅನ್ನಲಿಲ್ಲ. "ಇಪ್ಪತ್ನಾಲ್ಕಕ್ಕೆ ಕರ್ಕೊಂಡ್ ಬನ್ನಿ. ತಹಶೀಲ್ದಾರ್ ಸಾಹೇಬ್ರ ಮುಂದೆ ಹೆಸರು ಹೇಳಿದ್ರೆ ಸಾಕು."

ಹೆಸರು ಹೇಳಿದರೆ ಸಾಕು!

ಜೂನ್ 21, ಶನಿವಾರ

ಬರೆಯಲು ಮುಖವಿರಲಿಲ್ಲ.

ಒಂಬತ್ತು ದಿನ ಅಮ್ಮನಿಗೆ ಪಾಠ ಹೇಳಿದೆ. 'ನಾನೇ ದೊಡ್ಡಗಂಗಮ್ಮ' — ಎರಡೇ ಪದ. ಪ್ರತಿ ಸಲವೂ ಸೆರಗನ್ನು ಬಾಯಿಗೆ ಒತ್ತಿಕೊಳ್ಳುತ್ತಾಳೆ. "ಅವ್ವ ಕೊಡುತುಂದಿ." ಅವ್ವ ಹೊಡೆಯುತ್ತಾಳೆ. ಆ ಅವ್ವ ಸತ್ತು ಐವತ್ತು ವರ್ಷ.

ಮೊನ್ನೆ ತಾಳ್ಮೆ ಕೆಟ್ಟಿತು. ಸೆರಗು ಕಿತ್ತು, ತೋಳು ಹಿಡಿದು ಅಲುಗಾಡಿಸಿದೆ. "ಹೇಳೇ! ಬದುಕಿದೀನಿ ಅಂತ ಹೇಳೇ!" ಮೂಲೆಗೆ ಸರಿದು ಕೂತಳು. ತೋಳಿನ ಮೇಲೆ ನನ್ನ ನಾಲ್ಕು ಬೆರಳು ಇವತ್ತಿಗೂ ನೀಲಿ.

ಅವರು ಕಾಗದದಲ್ಲಿ ಹೊಡೆದರು. ನಾನು ಕೈಯಲ್ಲಿ.

ಜೂನ್ 24, ಮಂಗಳವಾರ, ಮಧ್ಯಾಹ್ನ

ಕರೀಮುನ್ನೀಸಾಳ ಮಗ ರಹೀಲ್ ಆಟೋದಲ್ಲಿ ಕರೆದುಕೊಂಡು ಹೋದ. ಕಚೇರಿ ಮೆಟ್ಟಿಲ ಮೇಲೆ ಎತ್ತಿಕೊಂಡೇ ಹತ್ತಿದ.

ಸಾಹೇಬರು ಕೇಳಿದರು, "ಏನಜ್ಜಿ ನಿಮ್ಮೆಸ್ರು?"

"ಪಾಪಮ್ಮ."

"ದೊಡ್ಡಗಂಗಮ್ಮ ಯಾರು?"

ಅಮ್ಮ ಸೆರಗು ಬಾಯಿಗಿಟ್ಟು, ಮೆಲ್ಲಗೆ, "ಸಚ್ಚಿಪಾಯ."

ಗುಮಾಸ್ತರು ನಕ್ಕರು. ಒಬ್ಬ, "ಎರಡ್ನೇ ಸಲ ಸತ್ರು ಸಾರ್" ಅಂದ. ಆಧಾರ್ ಕಾರ್ಡಿನ ಫೋಟೋ ತೋರಿಸಿದೆ. ಮುಖ ಇಳಿದುಹೋಗಿದೆ, ಹೇಗೆ ಒಪ್ಪೋದು ಅಂದರು. ಹೆಬ್ಬೆಟ್ಟು ಮಿಷಿನ್ ಹಿಡಿಯಲಿಲ್ಲ. ರೇಷ್ಮೆ ನೂಲು ತೆಗೆದ ಬೆರಳು, ಗೆರೆಯೇ ಇಲ್ಲ. ಮರೆವಿನ ಕಾಯಿಲೆ ಅಂತ ಡಾಕ್ಟರು ಬರೆದ ಚೀಟಿ ಕೊಟ್ಟೆ. ಸಾಹೇಬರು ಓದಿ ಹಿಂದಕ್ಕೆ ತಳ್ಳಿದರು.

"ಬುದ್ಧಿ ಸ್ಥಿಮಿತ ಇಲ್ಲ ಅಂತ ನೀವೇ ತಂದಿದೀರಿ. ಇನ್ನು ಅವರ ಮಾತು ಹೆಂಗಮ್ಮ ತಗೊಳ್ಳೋದು?"

"ಸತ್ತಿದೀನಿ ಅಂದಾಗ ತಗೊಂಡ್ರಲ್ಲ ಸಾರ್?"

ನಗು ನಿಂತಿತು. ಸಾಹೇಬರು ಮುಂದಿನ ಫೈಲು ಎಳೆದುಕೊಂಡು, "ಅರ್ಜಿ ಕೊಟ್ಟು ಹೋಗಿ" ಅಂದರು.

ಬದುಕಿದ್ದೇನೆ ಅನ್ನಲು ಬುದ್ಧಿ ಬೇಕು. ಸತ್ತಿದ್ದೇನೆ ಅನ್ನಲು ಬೇಡ. ಇದು ಯಾವ ಕಾಯಿದೆ?

ಜುಲೈ 5, ಶನಿವಾರ, ಸಂಜೆ 6

ಅರ್ಜಿಗೆ ಉತ್ತರವಿಲ್ಲ. ಮಾತ್ರೆಯನ್ನು ಅರ್ಧ ಅರ್ಧ ಮುರಿದು ಕೊಡುತ್ತಿದ್ದೇನೆ. ಅಮ್ಮನ ನಡುಕ ಜಾಸ್ತಿಯಾಗಿದೆ.

ಇನ್ನು ಮೇಲೆ ಅಮ್ಮನ ಬಾಯಲ್ಲಿ ಆ ಹೆಸರು ಹೇಳಿಸುವುದಿಲ್ಲ. ಇವತ್ತು 'ಪಾಪಮ್ಮಾ' ಅಂತಲೇ ಕೂಗಿದೆ. ತಿರುಗಿ ನೋಡಿದಳು. ಮಾಸುತ್ತಿರುವ ಆ ತೋಳನ್ನೇ ಚಾಚಿ, ಗಂಜಿ ಲೋಟ ಇಸಕೊಂಡಳು.

ಸೋಮವಾರ ಜನಸ್ಪಂದನ ಸಭೆ. ಮೇಲಿನವರು, ಕೆಳಗಿನವರು, ಪೇಪರಿನವರು ಎಲ್ಲ ಬರುತ್ತಾರಂತೆ. ರಹೀಲನಿಗೆ ಆಟೋ ತರಲು ಹೇಳಿದ್ದೇನೆ. ಕರೀಮುನ್ನೀಸಾಳೂ ಬರುತ್ತಾಳೆ. "ಮೈಕ್ ಕೊಡ್ಲಿಲ್ಲ ಅಂದ್ರೆ ನನ್ ಗಂಟ್ಲಿದೆ ಅಕ್ಕಾ" ಅಂದಳು. ಕೇಳಬೇಕಾದ್ದನ್ನು ಇಲ್ಲೇ ಬರೆದುಕೊಳ್ಳುತ್ತೇನೆ, ಅಲ್ಲಿ ಸಿಟ್ಟಿನಲ್ಲಿ ತಪ್ಪಬಾರದು:

ನಮ್ಮಮ್ಮ ಸತ್ತದ್ದು ಎಷ್ಟು ಗಂಟೆಗೆ? ಹೆಣ ಕಂಡವರು ಯಾರು? ಮಣ್ಣು ಮಾಡಿದ್ದೆಲ್ಲಿ? ಸಾಕ್ಷಿ ಯಾರು? ಚೀಟಿಯಲ್ಲಿ ಬೇಡ, ಫೋನಿನಲ್ಲಿ ಬೇಡ. ಎದ್ದು ನಿಂತು, ಎಲ್ಲರಿಗೂ ಕೇಳುವಂತೆ ಆ ಸಾಕ್ಷಿಯ ಹೆಸರು ಹೇಳಿ. ನಿಮ್ಮನ್ನು ಯಾವ ಅವ್ವನೂ ಹೊಡೆಯುವುದಿಲ್ಲ. ಸಾಕ್ಷಿ ಮುಂದಿನ ಸಾಲಿನಲ್ಲೇ ಕೂತಿರುತ್ತಾಳೆ. ನೀವು ಉತ್ತರ ಕೊಡುವ ತನಕ ನಾವಿಬ್ಬರೂ ಅಲ್ಲಿಂದ ಏಳುವುದಿಲ್ಲ.