ಪಿಂಗಾಣಿ ಹಲ್ಲು ಬರುವ ತನಕ

ನವೆಂಬರ್ 6, ಸೋಮವಾರ

ಮತ್ತೆ ಡಾಕ್ಟರ್ ಚೊ ಅವರ ಕುರ್ಚಿ. ಮತ್ತೆ ಅದೇ ಕರಕರ. ಮುಂದಿನ ಹಲ್ಲನ್ನು ಉಜ್ಜಿ ಉಜ್ಜಿ ಕಡ್ಡಿ ಮಾಡಿಟ್ಟರು. ಒಣಗಿದ ಸ್ಕ್ವಿಡ್ ಮೀನು ಕಚ್ಚಿ ಮುರಿದುಕೊಂಡವಳು ನಾನೇ, ಇನ್ಯಾರನ್ನು ಬೈಯಲಿ? ಮೇಲೊಂದು ತಾತ್ಕಾಲಿಕ ಕ್ಯಾಪ್ ಕೂರಿಸಿದರು.

"ಪಿಂಗಾಣಿದು ಮುಂದಿನ ವಾರ ಶುಕ್ರವಾರ ಬರತ್ತೆ. ಅಲ್ಲೀವರೆಗೂ ಅಂಟೋದು, ಗಟ್ಟಿ ಇರೋದು ಮುಟ್ಲೇಬೇಡಿ."

ಮಗಳು ಬೊರಾಳ ಪರೀಕ್ಷೆ ಅದರ ಹಿಂದಿನ ದಿನ, ಗುರುವಾರ. ಎರಡು ದಿನ ಮೊದಲು ಬಂದಿದ್ದರೆ ಈ ಹಲ್ಲಿನ ಗಂಟೇನು ಹೋಗುತ್ತಿತ್ತು?

ನವೆಂಬರ್ 10

ಅತ್ತೆ ಆಂದೊಂಗ್‌ನಿಂದ ಬಂದಿಳಿದಿದ್ದಾರೆ. ಬಂದ ಗಳಿಗೆಯಿಂದ ಮನೆಯಲ್ಲಿ ಅವರದೇ ದರ್ಬಾರು. ಬೊರಾ ಕಾಲೇಜು ಪ್ರವೇಶ ಪರೀಕ್ಷೆಗೆ ಕೂರುತ್ತಿರುವುದು ಇದು ಮೂರನೇ ಸಲ, ಅದಕ್ಕೆ. ಕಡಲಪಾಚಿ ಸಾರು ಬಂದ್, ತಿಂದರೆ ಪರೀಕ್ಷೆಯಲ್ಲಿ ಜಾರುತ್ತಾಳಂತೆ. 'ಬಿತ್ತು' ಎನ್ನುವ ಮಾತು ಯಾರ ಬಾಯಲ್ಲೂ ಬರಕೂಡದು, ಅಂದರೆ ಪರೀಕ್ಷೆಯಲ್ಲೂ ಬೀಳುತ್ತಾಳಂತೆ. ಚಮಚ ಕೈತಪ್ಪಿದರೆ 'ನೆಲಕ್ಕೆ ಅಂಟಿತು' ಅನ್ನಬೇಕು. ನಮ್ಮ ಯಜಮಾನರು ಬೆಳಗ್ಗೆ "ಟೆಂಪರೇಚರ್ ಬಿತ್ತು" ಅಂದು ಚೆನ್ನಾಗಿ ಬೈಸಿಕೊಂಡರು.

ಬೊರಾ ಊಟಕ್ಕೆ ಬರುತ್ತಾಳೆ, ನುಂಗುತ್ತಾಳೆ, ಬಾಗಿಲು ಹಾಕಿಕೊಳ್ಳುತ್ತಾಳೆ. ಅವಳು ನಕ್ಕು ಯಾವ ಕಾಲವಾಯಿತೋ. ಈ ಸಲವೂ ಆಗದಿದ್ದರೆ ಹುಡುಗಿ ಕುಸಿದುಹೋಗುತ್ತಾಳೆ ಎಂದು ಹೆದರಿಕೆ. ಯಾರ ಹತ್ತಿರ ಹೇಳಲಿ...

ನವೆಂಬರ್ 15, ಸಂಜೆ

ಅತ್ತೆ ಡಬ್ಬಿ ಬಿಚ್ಚಿದರು. ಯೊತ್ ಮಿಠಾಯಿ! ಅದು ಅಂಟುವ ಹಾಗೆ ಮಕ್ಕಳು ಕಾಲೇಜಿಗೆ ಅಂಟಿಕೊಳ್ಳಲಿ ಅಂತ.

"ಮನೇಲಿರೋರೆಲ್ಲ ತಿನ್ಬೇಕು."

"ಅತ್ತೆ, ನನ್ನ ಹಲ್ಲು..."

"ನಿನ್ನ ಹಲ್ಲು ಹೆಚ್ಚೋ, ಮಗುವಿನ ಬಾಳು ಹೆಚ್ಚೋ, ಬೊರಾಳ ಅಮ್ಮಾ?"

ಬೊರಾ ನನ್ನನ್ನೇ ನೋಡುತ್ತಿದ್ದಳು. ಬೇಡ ಅನ್ನುವುದು ಹೇಗೆ? ಬಾಯಿಗೆ ಹಾಕಿಕೊಂಡೆ. ಕ್ಯಾಪ್ ಮಿಠಾಯಿಯ ಜೊತೆ ಹೊರಟೇ ಬಿಟ್ಟಿತು.

ತುಟಿ ಬಿಗಿದು ಬಚ್ಚಲಿಗೆ ಓಡಿದೆ. ಕ್ಲಿನಿಕ್ ಮುಚ್ಚಿದೆ. ಅತ್ತೆ ಹಲ್ಲುಸೆಟ್ಟಿಗೆ ಹಚ್ಚುವ ಅಂಟನ್ನೇ ಕದ್ದು ಮೆತ್ತಿಕೊಂಡೆ. ಲೊಡಲೊಡ ಅಲುಗುತ್ತಿದೆ. ಬಾಯಿ ತೆರೆದರೆ ಕಥೆ ಮುಗಿಯಿತು. ಪರೀಕ್ಷೆಯ ಹಿಂದಿನ ದಿನ ಮನೆಯಲ್ಲಿ ಹಲ್ಲು ಬಿತ್ತೆಂದು ತಿಳಿದರೆ ಅತ್ತೆ ಸುಮ್ಮನಿರುತ್ತಾರೆಯೇ? ಬೊರಾ ಎದೆಗೆಡುವುದಿಲ್ಲವೇ?

ಆಮೇಲೆ ಬೊರಾ ಬಂದಳು. "ಅಮ್ಮಾ, ನಾಳೆಗೆ ಏನಾದ್ರೂ ಹೇಳು."

ತಲೆ ಸವರಿದೆ. ಅಷ್ಟೇ ಆದದ್ದು.

"ಪರೀಕ್ಷೆಗೂ ಮುಂಚೆನೇ ನನ್ಮೇಲೆ ಕೋಪನಾ?" ಅಂದು ಹೋದಳು.

ಅತ್ತೆಯ ಮೇಲೆ, ಮಿಠಾಯಿಯ ಮೇಲೆ, ನನ್ನ ಮೇಲೆ — ಮೈಯೆಲ್ಲ ಉರಿ.

ನವೆಂಬರ್ 16

ಪರೀಕ್ಷೆಯ ಶಾಲೆ. ಅತ್ತೆಯೂ ಜೊತೆಗೆ. ಗೇಟಿಗೂ ಯಾರೋ ಯೊತ್ ಮೆತ್ತಿದ್ದಾರೆ. ತಾಯಂದಿರೆಲ್ಲ "ಫೈಟಿಂಗ್!" ಅಂತ ಕೂಗಿ ಮಕ್ಕಳಿಗೆ ಧೈರ್ಯ ತುಂಬುತ್ತಿದ್ದಾರೆ. ನನ್ನೊಬ್ಬಳ ಬಾಯಿಗೆ ಬೀಗ. ಬೊರಾ ಊಟದ ಡಬ್ಬಿ ಇಸಿದುಕೊಂಡಳು, ಮುಖ ನೋಡದೆ ಹೊರಟಳು. ಆ ಬೆನ್ನು ನೋಡಿ ತಡೆಯಲಾಗಲಿಲ್ಲ. ಹಲ್ಲು ಹಾಳಾಗಿಹೋಗಲಿ!

"ಬೊರಾ! ಫೈಟಿಂಗ್!"

ಅವಳು ತಿರುಗಿದಳು. ಕ್ಯಾಪ್ ಹಾರಿ ಅವಳ ಶೂ ಹತ್ತಿರವೇ ಬಿತ್ತು.

ಅತ್ತೆಯ ಮುಖ ಬಿಳಿಚಿತು. ಮರುಕ್ಷಣವೇ ಎದೆ ಬಡಿದುಕೊಂಡು ಅರಚಿದರು: "ಅಂಟ್ತು! ನೆಲಕ್ಕೆ ಅಂಟ್ತು!"

ಬೊರಾ ನನ್ನ ಬಾಯಿಯ ಕಿಂಡಿ ನೋಡಿದಳು. "ನಿನ್ನೆ ಮಾತಾಡದೇ ಇದ್ದಿದ್ದು ಇದಕ್ಕಾ ಅಮ್ಮಾ?"

ತಲೆಯಾಡಿಸಿದೆ. ಹುಡುಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಬಗ್ಗಿ ಕ್ಯಾಪ್ ಎತ್ತಿ ನನ್ನ ಅಂಗೈಗಿಟ್ಟಳು. "ಬೀಳೋದನ್ನೆಲ್ಲ ನೀನೇ ಬೀಳಿಸ್ಬಿಟ್ಟೆ. ನಂಗೇನೂ ಉಳಿಸಿಲ್ಲ."

ನಗುತ್ತಲೇ ಒಳಗೆ ಹೋದಳು. ಗೇಟು ಹಾಕಿದ ಮೇಲೆ ಅಲ್ಲೇ ನಿಂತು ಅತ್ತುಬಿಟ್ಟೆ.

ನವೆಂಬರ್ 17

ಪಿಂಗಾಣಿ ಹಲ್ಲು ಕೂತಿತು, ಅಂತೂ. ತುಸು ಹೆಚ್ಚೇ ಬಿಳುಪು. ಪಕ್ಕದವೆಲ್ಲ ಚಹಾ ಬಣ್ಣಕ್ಕೆ ಕಾಣುತ್ತಿವೆ.

"ಅಂಟೋದೇನೂ ತಿಂದಿಲ್ಲ ತಾನೆ?"

"ಛೆ, ಇಲ್ಲಪ್ಪ."

ಒಸಡಿನ ಮೇಲಿದ್ದ ಅಂಟನ್ನು ಕೆರೆದು ತೋರಿಸಿದರು ಡಾಕ್ಟರ್ ಚೊ. ಕಣ್ಣು ಮುಚ್ಚಿಕೊಂಡೆ.

ಡಿಸೆಂಬರ್ 15, ಮಧ್ಯಾಹ್ನ

ಕಾಲೇಜಿನ ಫಲಿತಾಂಶ ಎರಡು ಗಂಟೆಗಂತೆ. ಅತ್ತೆ ಬೆಳಗ್ಗಿನಿಂದ ಫೋನು ಮಾಡಿ ಮಾಡಿ ತಲೆ ತಿಂದರು. ಬೊರಾ ಬಾಗಿಲು ಹಾಕಿಕೊಂಡಿದ್ದಾಳೆ. ಅಡುಗೆಮನೆಯಲ್ಲಿ ಕೂತು ಗೀಚುತ್ತಿದ್ದೇನೆ. ನಾಲಿಗೆ ಸುಮ್ಮನಿರದೆ ಹೊಸ ಹಲ್ಲನ್ನೇ ತಡವುತ್ತಿದೆ.

ಎರಡಾಯಿತು. ಯಾಕೆ ಇಷ್ಟು ಹೊತ್ತು... ಅವಳ ಕೋಣೆಯಲ್ಲಿ ಕುರ್ಚಿ ಎಳೆದ ಸದ್ದು.

"ಅಮ್ಮಾ! ಹಲ್ಲು ಗಟ್ಟಿ ಕೂತಿದ್ಯಾ? ಜೋರಾಗಿ ಕೂಗ್ಬೇಕು ನೀನು, ಬೇಗ ಬಾ!"

ಕೂತಿದೆ ಕಣೇ, ಗಟ್ಟಿಯಾಗಿ ಕೂತಿದೆ, ಬಂದೆ, ಬಂ—