ಹೊಣೆಗಾರ ಸಂಪಾದಕನ ಮೊದಲ ಲೇಖನ

ಸರ್ಕಾರಿ ಅಭಿಯೋಜಕ ಮಹಾಶಯರೇ,

ನಾನು ದೇವರನ್ನು ನಿಂದಿಸಿದವನಲ್ಲ. ಇದನ್ನು ನ್ಯಾಯಾಲಯದಲ್ಲಿ ಹೇಳಿದಾಗ ನೀವು ಮುಸಿಮುಸಿ ನಕ್ಕಿರಿ. ಈಗ ನಮ್ಮ ಪತ್ರಿಕೆಯಲ್ಲಿ ಇಡೀ ಊರಿನ ಮುಂದೆ ಹೇಳುತ್ತಿದ್ದೇನೆ, ನಗುವಿದ್ದರೆ ನಕ್ಕುಬಿಡಿ. ನೀವು ಹಾಕಿಸಿದ ನಾಲ್ಕು ತಿಂಗಳ ಸಜೆಯ ಬಗ್ಗೆ ನನಗೆ ತಕರಾರಿಲ್ಲ, ಅದು ನನ್ನ ಕಸುಬು. ತಕರಾರಿರುವುದು ತೀರ್ಪಿನಲ್ಲಿರುವ 'ದೈವನಿಂದಕ' ಎಂಬ ಮಾತಿನ ಬಗ್ಗೆ.

ಕಸುಬು ಎಂದದ್ದು ತಮಾಷೆಗಲ್ಲ. ಪ್ರತಿ ಪತ್ರಿಕೆಯ ಕೊನೆಯಲ್ಲೂ ಹೊಣೆಗಾರ ಸಂಪಾದಕನೊಬ್ಬನ ಹೆಸರಿರಬೇಕು ಎನ್ನುತ್ತದೆ ನಿಮ್ಮ ಕಾನೂನು. ಬರೆಯುವವರೇ ಹೆಸರು ಹಾಕಿಕೊಂಡು ಒಳಗೆ ಹೋದರೆ ನಮ್ಮ ಕಾರ್ಮಿಕರ ಪತ್ರಿಕೆಯನ್ನು ಬರೆಯುವವರು ಯಾರು? ಮುಷ್ಕರದ ನಂತರ ಯಾವ ಗಿರಣಿಯೂ ಸೇರಿಸಿಕೊಳ್ಳದ ನೇಕಾರ ನಾನು, ಹಾಗಾಗಿ ಆ ಜಾಗಕ್ಕೆ ನನ್ನ ಹೆಸರು ಬಂತು. ಜರ್ಮನಿಯ ಊರೂರಲ್ಲೂ ನನ್ನಂಥವನೊಬ್ಬನಿದ್ದಾನೆ. ಅವರು ಬರೆಯುತ್ತಾರೆ, ನಾವು ಹೋಗಿ ಜೈಲಿನಲ್ಲಿ ಕೂರುತ್ತೇವೆ. ಇದು ನಿಮಗೆ ಗೊತ್ತಿಲ್ಲವೇ? ಜೈಲಿನ ಕಾವಲುಗಾರನಿಗೂ ಗೊತ್ತಿದೆ.

"ಏನಪ್ಪಾ ಸಂಪಾದಕಾ, ಈ ಸಲ ಏನು ಬರ್ದೆ?" ಎಂದು ಬೀಗ ತೆಗೆಯುತ್ತಾ ಕೇಳುತ್ತಾನೆ.

"ನಂಗೂ ಗೊತ್ತಿಲ್ಲ ಸ್ವಾಮಿ, ಇನ್ನೂ ಓದಿಲ್ಲ" ಎನ್ನುತ್ತೇನೆ.

ಚಕ್ರವರ್ತಿಗಳ ಭಾಷಣ ಸ್ವಲ್ಪ ಉದ್ದವಾಯಿತು ಎಂದು ಪತ್ರಿಕೆ ಬರೆದಾಗ ಅದು ರಾಜನಿಗೆ ಅವಮಾನವಾಯಿತು, ಕೂತು ಬಂದೆ. ಗಿರಣಿ ಮಾಲೀಕರ ನಾಯಿ ಸಾಸೇಜ್ ತಿನ್ನುತ್ತದೆ, ನೇಕಾರನ ಮಕ್ಕಳು ಬರೀ ಆಲೂಗಡ್ಡೆ ತಿನ್ನುತ್ತವೆ ಎಂದು ಬರೆದಾಗ ಅದು ವರ್ಗಗಳ ನಡುವೆ ದ್ವೇಷ ಕೆರಳಿಸುವ ಪ್ರಚೋದನೆಯಾಯಿತು. ಅದಕ್ಕೂ ಕೂತು ಬಂದೆ. ನಾಯಿಗೆ ಯಾವ ಸಮನ್ಸೂ ಹೋದ ಹಾಗೆ ಕಾಣಲಿಲ್ಲ.

ಈಗ ಈ ಸಲದ ಸಜೆಗೆ ಕಾರಣವಾದ ಚರ್ಚಿನ ಗಂಟೆಯ ವಿಷಯ. ಕೂಲಿ ಕಡಿತ ಮಾಡಿದ ಚಳಿಗಾಲದಲ್ಲೇ ಮಾಲೀಕರು ನಮ್ಮ ಚರ್ಚಿಗೆ ದೊಡ್ಡ ಗಂಟೆಯೊಂದನ್ನು ದಾನ ಕೊಟ್ಟರು. ಅದರ ಸದ್ದಿಗೆ ದೇವರು ಏನೆಂದುಕೊಂಡಿರಬಹುದು ಎಂದು ಪತ್ರಿಕೆಯಲ್ಲಿ ಒಂದು ಸಾಲು ಬಂತು. ಆ ಸಾಲನ್ನು ಇಲ್ಲಿ ಬರೆಯಲಾರೆ, ಬರೆದರೆ ಮತ್ತೊಂದು ಮೊಕದ್ದಮೆ. ಒಳಪುಟದ ಮೂಲೆಯಲ್ಲಿ, ಬೂಟು ರಿಪೇರಿಯವನ ಜಾಹೀರಾತಿನ ಕೆಳಗಿದ್ದ ಅದನ್ನು ಯಾರೂ ಗಮನಿಸಿರಲಿಲ್ಲ. ನಾನೇ ಓದಿರಲಿಲ್ಲ. ಓದಿದ್ದರೆ ಹೊಡೆದುಹಾಕಿಸುತ್ತಿದ್ದೆ, ಏಕೆಂದರೆ ನಾನು ಅದೇ ಚರ್ಚಿನ ಮೇಳದಲ್ಲಿ ಹಾಡುವವನು. ಆದರೆ ತಾವು ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ತುಂಬಿದ ನ್ಯಾಯಾಲಯದಲ್ಲಿ ಅದನ್ನು ಓದಿದಿರಿ. ಹಿಂದಿನ ಬೆಂಚಿನವರಿಗೆ ಕೇಳಿಸಲಿಲ್ಲವೆಂದು ಇನ್ನೊಂದು ಸಲ ಓದಿದಿರಿ. ಏನು ಉಚ್ಚಾರಣೆ, ಏನು ಭಾವ! ಸಂಜೆಯ ಹೊತ್ತಿಗೆ ನೀರಿನ ಪಂಪಿನ ಹತ್ತಿರ ಮಕ್ಕಳು ಅದನ್ನು ರಾಗವಾಗಿ ಹಾಡುತ್ತಿದ್ದವು. ಬಹಿರಂಗವಾಗಿ ದೇವರನ್ನು ನಿಂದಿಸಿ ಜನರ ಮನಸ್ಸು ನೋಯಿಸಿದವನಿಗೆ ಸಜೆ ಎಂದಲ್ಲವೇ ಕಾನೂನು? ಹಾಗಾದರೆ ಜೈಲಿನಲ್ಲಿ ನನ್ನ ಪಕ್ಕದ ಕೋಣೆ ಯಾರಿಗಾಗಿ ಖಾಲಿ ಇದೆ?

ಇಷ್ಟನ್ನೂ ನುಂಗಿಕೊಳ್ಳುತ್ತಿದ್ದೆ. ಆದರೆ ಈಸ್ಟರ್‌ಗೆ ಒಂದು ವಾರ ಮುಂಚೆ, ಬರುವ ಗರಿಗಳ ಭಾನುವಾರ, ನನ್ನ ಮಗಳು ಸೆಲ್ಮಾಳಿಗೆ ಚರ್ಚಿನಲ್ಲಿ ದೃಢೀಕರಣ, ಎಲ್ಲರ ಮುಂದೆ ವಿಶ್ವಾಸ ಒಪ್ಪಿಕೊಂಡು ಸಭೆಗೆ ಸೇರುವ ದಿನ. ಅದಕ್ಕೆಂದು ಅವಳ ಕಪ್ಪು ಉಡುಪು ಹೊಲಿದಾಗಿದೆ. ನನ್ನ ಸಜೆ ಶುರುವಾಗುವುದು ಈಸ್ಟರ್ ಕಳೆದ ಮೇಲೆ, ಹಾಗಾಗಿ ಅಂದು ಅವಳ ಹಿಂದೆ ನಿಲ್ಲಬಹುದೆಂದುಕೊಂಡಿದ್ದೆ. ಮೊನ್ನೆ ಅವಳು ಪಾದ್ರಿಗಳ ಪಾಠದಿಂದ ಬಂದವಳು ಟೋಪಿಯನ್ನೂ ತೆಗೆಯಲಿಲ್ಲ.

"ದೇವರನ್ನ ಬೈದೋರು ಒಳಗೆ ಬರೋ ಹಾಗಿಲ್ವಂತೆ. ನೀನು ಬಾಗಿಲ ಹೊರಗೆ ನಿಂತ್ಕೋಬೇಕಂತೆ. ಅಪ್ಪಾ, ನೀನು ನಿಜವಾಗ್ಲೂ ಹಂಗಂದ್ಯಾ?"

"ಇಲ್ಲ ಕಣೇ. ನಾನದನ್ನ ಓದೂ ಇರ್ಲಿಲ್ಲ."

"ಮತ್ತೆ ಯಾರು ಬರ್ದಿದ್ದು ಅಂತ ಹೇಳ್ಬಿಡು!"

"ಅದೊಂದು ಆಗಲ್ಲ ಮಗಳೇ."

ಟೋಪಿ ಬಿಚ್ಚಿ ಮೇಜಿನ ಮೇಲಿಟ್ಟು ಹೇಳಿದಳು: "ನೀನು ಜೈಲಿಗೆ ಹೋಗು, ನಂಗೇನೂ ಬೇಜಾರಿಲ್ಲ. ಬೇರೆ ಏನಕ್ಕಾದ್ರೂ ಹೋಗು. ಇದಕ್ಕೆ ಮಾತ್ರ ಬೇಡ."

ನನಗೆ ಅಳು ಬಂತು. ಇದನ್ನು ನಿಮಗೆ ಹೇಳಲು ನಾಚಿಕೆಯಿಲ್ಲ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಆರೋಪಿಯ ಪರವಾಗಿಯೂ ಮೇಲ್ಮನವಿ ಹಾಕುವ ಅಧಿಕಾರ ನಿಮಗಿದೆ ಎಂದು ನನ್ನ ವಕೀಲರು ಹೇಳುತ್ತಾರೆ. ಗರಿಗಳ ಭಾನುವಾರದೊಳಗೆ ಅದನ್ನು ಹಾಕಿ, ನಾನು ದೈವನಿಂದಕನಲ್ಲ ಎಂದು ಪಾದ್ರಿಗಳಿಗೆ ತಿಳಿಸಿ. ಇದರಿಂದ ಸರ್ಕಾರಕ್ಕೆ ಒಬ್ಬ ಕೈದಿ ಕಡಿಮೆಯಾಗದ ಹಾಗೆ ನಾನು ನೋಡಿಕೊಳ್ಳುತ್ತೇನೆ. ಅಧಿಕಾರಿಯ ಮಾನಹಾನಿಗೂ ಸಜೆಯುಂಟಲ್ಲವೇ? ತೆಗೆದುಕೊಳ್ಳಿ: ನೀವು ಕಪ್ಪು ಗೌನು ತೊಟ್ಟ ಶುದ್ಧ ಕತ್ತೆ. ಅಚ್ಚಾಗಿದೆ, ಊರಿಗೆಲ್ಲ ಹಂಚಿಕೆಯಾಗಿದೆ, ಬರೆದವನು ಯಾರೆಂದು ಹುಡುಕುವ ಕಷ್ಟವೂ ಇಲ್ಲ. ನಾಲ್ಕರ ಬದಲು ಎಂಟು ತಿಂಗಳು ಹಾಕಿಸಿ, ಹಾಡಿಕೊಂಡು ಬಂದು ಕೂರುತ್ತೇನೆ. ನಿಮ್ಮನ್ನು ಬೈದವನ ಮಗಳು ಎನಿಸಿಕೊಳ್ಳಲು ಸೆಲ್ಮಾಳಿಗೆ ಒಪ್ಪಿಗೆಯಿದೆ, ಅವಳನ್ನು ಕೇಳಿಯೇ ಬರೆದಿದ್ದೇನೆ.

ಇಂತಿ,
ಇದೊಂದು ಸಲ ತಾನೇ ಬರೆದು ತಾನೇ ಕೂರಲು ಸಿದ್ಧನಿರುವ
ಗೊಟ್‌ಹೋಲ್ಡ್ ಚುಂಕೆ
ಹೊಣೆಗಾರ ಸಂಪಾದಕ