ನಿಮ್ಮ ಭುಜಕ್ಕೊಂದು ಹಗುರ ಬಿಲ್ಲು

ರೀ,

ಶಾಲೆಗೆಂದು ಹಡಗಲಿ ಬಸ್ಸಿಗೆ ಹೊರಟೆ. ಸಾರು ಬಿಸಿ ಮಾಡಿಕೊಳ್ಳಿ.

ಮಾಳಿಗೆಯ ಮೇಲೆ ಹೊಸ ಬಿಲ್ಲನ್ನು ಬಿಸಿಲಿಗಿಟ್ಟಿದ್ದೇನೆ. ಸುತ್ತಿದ ಸೈಕಲ್ ಟ್ಯೂಬ್ ಬಿಚ್ಚಬೇಡಿ, ಪದರಗಳ ಅಂಟು ಇನ್ನೂ ಗಟ್ಟಿಯಾಗಿಲ್ಲ.

ನಡುವಿನ ಬಿದಿರಿನ ಪಟ್ಟಿ ಹಳೆಯ ಬಿಲ್ಲಿನಷ್ಟೇ ದಪ್ಪ. ಹೊರಮೈಗಳ ಫೈಬರ್‌ಗ್ಲಾಸ್ ಮಾತ್ರ ತೆಳುವಾದದ್ದು ಹಾಕಿದೆ. ಹೊರಪದರ ಸ್ವಲ್ಪ ತೆಳುವಾದರೂ ಎಳೆಯುವ ಬಿಗಿ ಬಹಳ ಇಳಿಯುತ್ತದೆ. ಮುರಿದು ಕೂಡಿದ ನಿಮ್ಮ ಭುಜ ಇಷ್ಟನ್ನು ತಡೆಯುತ್ತದೆ. ಡಾಕ್ಟರನ್ನು ಕೇಳಿಯೇ ಮಾಡಿದ್ದು.

ಭಾನುವಾರದ ಬಿಲ್ಲಿನ ಅಭ್ಯಾಸಕ್ಕೆ ಕರೆದಾಗ "ನಂದು ಮುಗೀತು, ನೀ ಒಬ್ಬಾಕಿನ ಹೋಗು" ಅಂದಿರಿ. ಹೋಗುತ್ತಿದ್ದೇನೆ. ಗುರಿ ತಪ್ಪಿದಾಗ "ಯಾರ ಎಮ್ಮಿ ಕೊಂದಿ, ಟೀಚರಮ್ಮ?" ಎಂದು ನಗಲು ನೀವಿರುವುದಿಲ್ಲ. ಬಾಣ ಹುಡುಕಿಕೊಂಡು ಸುಮ್ಮನೆ ಮನೆಗೆ ಬರುತ್ತೇನೆ.

ಈ ಭಾನುವಾರ ಹೊಸ ಬಿಲ್ಲು ಹಿಡಿದು ನನ್ನ ಜೊತೆ ಬರುತ್ತೀರಾ? ಇದರ ಹಿಂದೆಯೇ ಬರೆದಿಡಿ. ನಾನು ಬರುವಷ್ಟರಲ್ಲಿ ನೀವು ಡ್ಯೂಟಿಗೆ ಹೋಗಿರುತ್ತೀರಿ.

ಸುಕನ್ಯಾ